ಅನ್ನದಲ್ಲಿ ನೆಟ್ಟ ಕಡ್ಡಿ

ಎಪ್ಪಿಂಗ್, ಸಿಡ್ನಿ
೧೨ ಮೇ ೧೯೯೪

ಮೆಲ್ಬರ್ನಿನ ಬದರಿನಾಥ ಭಾವನವರಿಗೆ,

ಮೊನ್ನೆ ನಮ್ಮ ಮನೆಯ ಊಟದಲ್ಲಿ, ಚಾಪ್‌ಸ್ಟಿಕ್ಸ್ ಡಬ್ಬಿಯ ಮೇಲಿನ 箸 ಅಕ್ಷರ ತೋರಿಸಿ, ಜಪಾನಿನವರು ಇದನ್ನು ‘ಹಾಶಿ’ ಎಂದು ಓದುತ್ತಾರೆ, ಚೀನೀಯರ ಬಾಯಲ್ಲಿ ಈ ಶಬ್ದ ಸತ್ತೇಹೋಗಿದೆ ಎಂದು ನನ್ನ ಸೊಸೆಯ ತೈವಾನ್ ಅಜ್ಜಿಗೇ ಪಾಠ ಹೇಳಿದಿರಿ. ಸಾಲದ್ದಕ್ಕೆ, ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚುವಂತೆ ಆ ಕಡ್ಡಿಗಳನ್ನು ಅವರ ಅನ್ನಕ್ಕೇ ನೆಟ್ಟಿರಿ. ಅವರಲ್ಲಿ ಹಾಗೆ ನೆಡುವುದು ಸತ್ತವರ ಎಡೆಗೆ.

ಅಜ್ಜಿ ಅವನ್ನು ಕಿತ್ತಿಟ್ಟು, ಮೊಮ್ಮಗಳತ್ತ ಕೈಚಾಚಿ ತಮ್ಮ ಮನೆಮಾತಿನಲ್ಲಿ ‘ತೀ’ ಎಂದರು. ಅದೇ ನಿಮ್ಮ ಸತ್ತ ಶಬ್ದ. ಬೇರೆ ಜೊತೆ ಕಡ್ಡಿ ಬಂತು. ನನ್ನ ಮಗ “ದೊಡ್ಡಪ್ಪ, ಪ್ಲೀಸ್, ಸಾಕು ಮಾಡಿ” ಅಂದರೂ ನೀವು ನಿಲ್ಲಿಸಲಿಲ್ಲ.

ಮುಂದಿನ ತಿಂಗಳು ಮೊಮ್ಮಗುವಿನ ನಾಮಕರಣ. ಬರುವುದಾದರೆ ಮೊದಲು ಅವರ ಕಾಲಿಗೆ ಬೀಳಿ. ಹೆಸರನ್ನು ಅಜ್ಜಿಯೇ ಇಡುತ್ತಾರೆ. ಅದರ ಅರ್ಥವನ್ನು ನಿಮ್ಮನ್ನು ಯಾರೂ ಕೇಳುವುದಿಲ್ಲ.

ನಿಮ್ಮ ತಮ್ಮನ ಹೆಂಡತಿ,
ಭಾಗೀರಥಿ