ಅತ್ತೆಯ ಹೊಸ ದನಿ

ಜೂನ್ ೧೪, ಶನಿವಾರ

ಇವತ್ತೂ ಟ್ಯಾಬ್ ತಾನಾಗೇ ಆಫ್ ಆಗಿ ಆನ್ ಆಗ್ತಾನೇ ಇತ್ತು. ಗಂಟಲು ಆಪರೇಷನ್ ಆದಮೇಲೆ ಅತ್ತೆಗೆ ಅದೇ ಬಾಯಿ. ಅವರು ಟೈಪ್ ಮಾಡಿದ್ದನ್ನ ಅದು ಓದಿ ಹೇಳುತ್ತೆ. ತಂದಾಗಿನಿಂದ ಒಂದು ಮಾತನ್ನೂ ಪೂರ್ತಿ ಮಾಡಿರಲಿಲ್ಲ. ಆನೇಕಲ್‌ನಲ್ಲಿರೋ ತಂಗಿ ಹತ್ರ ಮಾತಾಡೋ ಆಸೆಯನ್ನೇ ಅತ್ತೆ ಬಿಟ್ಟಿದ್ದರು.

ಅಪ್‌ಡೇಟ್ ಮಾಡಿದೆ, ಚಾರ್ಜರ್ ಬದಲಾಯಿಸಿದೆ, ಬೇಡದ ಆ್ಯಪ್‌ಗಳನ್ನ ತೆಗೆದೆ. ಏನೂ ಉಪಯೋಗ ಆಗಲಿಲ್ಲ. ಸಂಜೆ ಗಾರ್ಮೆಂಟ್ಸಿಂದ ಬಂದು, ಒರೆಸೋಣ ಅಂತ ಕವರ್ ಬಿಚ್ಚಿಟ್ಟೆ. ಆಮೇಲೆ ಒಂದು ಸಲವೂ ಆಫ್ ಆಗಲಿಲ್ಲ. ಕವರ್ ಬಿಗಿಯಾಗಿ ಪವರ್ ಬಟನ್ ಒತ್ತುತ್ತಿತ್ತು, ಅಷ್ಟೇ.

ಆಗಲೇ ಚಿಕ್ಕತ್ತೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಟ್ಯಾಬಿನ ಹುಡುಗಿ ದನಿ, "ಚೆನ್ನಾಗಿದ್ದೀಯಾ?" ಅಂತು.

"ಯಾರವ್ವ ನೀನು? ನಮ್ಮಕ್ಕಂಗೆ ಕೊಡು ಫೋನು" ಅಂದರು ಚಿಕ್ಕತ್ತೆ.

ಅತ್ತೆ ಒಂದೊಂದೇ ಅಕ್ಷರ ಒತ್ತಿದರು. "ನಾನೇ ಕಣೇ. ವಯಸ್ಸು ಕಮ್ಮಿ ಮಾಡ್ಕೊಂಡಿದೀನಿ."

ಆ ಕಡೆ ಚಿಕ್ಕತ್ತೆಗೆ ನಗು ತಡೆಯೋಕೇ ಆಗಲಿಲ್ಲ. ಇಲ್ಲಿ ಅತ್ತೆಯೂ ಸದ್ದಿಲ್ಲದೆ, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ಆಸ್ಪತ್ರೆಯಿಂದ ಬಂದಮೇಲೆ ಅವರು ನಕ್ಕಿದ್ದು ಇದೇ ಮೊದಲು.

ನಿದ್ದೆ ಎಳೀತಿದೆ. ಪಕ್ಕದ ರೂಮಲ್ಲಿ ಅಕ್ಕತಂಗಿಯರ ಮಾತು ಇನ್ನೂ ಮುಗಿದಿಲ್ಲ. ಈಗ ನನ್ನ ಸಾರಿನ ವಿಷಯ ಬಂದಂಗಿದೆ, ಉಪ್ಪು…