ಚೀಲ ಮುಟ್ಟಿತು, ನಾವು ಮುಟ್ಟಲಿಲ್ಲ

ಬೇವೂರು
ತಾ. 4-3-1984, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ದುರುಗವ್ವಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅವ್ವನೂ ಕ್ಷೇಮ. ಇಷ್ಟು ದಿನ ‘ಕುಮಾರಿ’ ಎಂದು ಬರೆದು ರೂಢಿಯಾದ ಕೈ ಈ ಸಲ ‘ಸೌಭಾಗ್ಯವತಿ’ ಎಂದು ಬರೆಯುವಾಗ ಸ್ವಲ್ಪ ತಡೆಯಿತು. ಆದರೂ ಬರೆಯಿತು. ಅಳಿಯ ಅಯ್ಯಪ್ಪನವರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಕಡಲೆ ರಾಶಿ, ಜೋಳದ ಕೊಯ್ಲು ಎಂದು ನೆಪ ಹೇಳಬಹುದು. ಆದರೆ ರಿಟೈರಾದ ಸಾಲಿ ಮಾಸ್ತರ ಹೊಲದಲ್ಲಿ ಎಷ್ಟು ದುಡಿಯುತ್ತಾನೆಂದು ನಿನಗೆ ಗೊತ್ತಿದ್ದದ್ದೇ. ತಡ ಮಾಡಿದೆ, ಮನ್ನಿಸು.

‘ಮೂರು ದಿನ ಹೈದರಾಬಾದಿನಲ್ಲಿ ಕೂತು ಏನು ಮಾಡಿದಿರಿ?’ ಎಂದು ಕೇಳಿದ್ದೀ. ಹೇಳುತ್ತೇನೆ. ನಿಮ್ಮ ವಿಮಾನ ಕಂಪನಿ ನೌಕರರ ತಂದೆತಾಯಿಗೆ ಪುಕ್ಕಟೆ ಟಿಕೀಟು ಕೊಡುತ್ತದೆ ಎಂಬುದನ್ನು ನಾನು ಊರ ತುಂಬ ಹೇಳಿಕೊಂಡು ತಿರುಗಿದ್ದೆ. ರೊಕ್ಕ ಕೊಟ್ಟವರೆಲ್ಲ ಹತ್ತಿದ ಮೇಲೆ ಕುರ್ಚಿ ಖಾಲಿ ಉಳಿದರೆ ಮಾತ್ರ ನಮ್ಮನ್ನು ಕರೆಯುತ್ತಾರೆ ಎಂದು ನೀನು ಬರೆದ ಸಾಲನ್ನು ಮಾತ್ರ ಯಾರಿಗೂ ಓದಿ ಹೇಳಿರಲಿಲ್ಲ. ಸುಮ್ಮನೆ ಸೊಲ್ಲಾಪುರದ ಬಸ್ಸು ಹತ್ತಿದ್ದರೆ ನಿನ್ನ ಮದುವೆಯ ಹೊತ್ತಿಗೆ ಮುಂಬಯಿ ಮುಟ್ಟುತ್ತಿದ್ದೆವು. ನಾವು ಮುಂಬಯಿಗೆ ಬೆನ್ನು ಹಾಕಿ, ಇಡೀ ದಿನ ಬಸ್ಸಿನಲ್ಲಿ ಕುಲುಕಿಕೊಂಡು ಹೈದರಾಬಾದಿಗೆ ಹೋದೆವು, ವಿಮಾನ ಹತ್ತಲಿಕ್ಕೆ!

ಉಡುಪು ನೀಟಾಗಿರಬೇಕೆಂದು ನೀನು ಬರೆದಿದ್ದೆಯಲ್ಲ, ದರ್ಜಿ ಜಿಲಾನಿ ತನ್ನ ನಿಕಾಹದ ಕೋಟನ್ನೇ ನನಗೆ ತೊಡಿಸಿದ. “ಮಾಸ್ತರ, ಹೆಸರು ಕುಬೇರಪ್ಪ, ಹೋಗೂದು ಪುಕ್ಕಟೆ. ಕೋಟಾದ್ರೂ ಛಲೋ ಇರ್ಲಿ” ಎಂದ. ಫೆಬ್ರವರಿಯ ಬಿಸಿಲಿನಲ್ಲಿ ಮೂರು ದಿನ ಅದರೊಳಗೆ ಬೆಂದೆ.

ಮಂಗಳವಾರ ವಿಮಾನ ತುಂಬಿತ್ತು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಮೂವತ್ತು ವರ್ಷ ಸಾಲಿಯಲ್ಲಿ ಹಾಜರಿ ಕೂಗಿದವನು ನನ್ನ ಹೆಸರು ಯಾವಾಗ ಕೂಗುತ್ತಾರೋ ಎಂದು ಹುಡುಗರ ಹಾಗೆ ಕಿವಿ ನಿಮಿರಿಸಿಕೊಂಡು ಕೂತಿದ್ದೆ. ಕೂಗಲಿಲ್ಲ. ಸಂಜೆ ಛತ್ರಕ್ಕೆ ಬಂದು ರೊಟ್ಟಿ ತಿಂದು ಮಲಗಿದೆವು.

ಬುಧವಾರ ಕೂಗಿದರು. ಒಳಗೆ ಹೋಗಿ ಕೂತೂಬಿಟ್ಟೆವು. ನಿನ್ನ ಅವ್ವ ಪಟ್ಟಿ ಬಿಗಿದುಕೊಂಡು, ಕಣ್ಣು ಮುಚ್ಚಿ, ಹುಲಿಗೆಮ್ಮನ ಹೆಸರು ಹೇಳುತ್ತಿದ್ದಳು. ಅಷ್ಟರಲ್ಲಿ ರೊಕ್ಕ ಕೊಟ್ಟ ಇಬ್ಬರು ಓಡುತ್ತ ಬಂದರು, ನಮ್ಮನ್ನು ಇಳಿಸಿದರು. ಇಳಿಯುವವರು ಸುಮ್ಮನೆ ಇಳಿಯಬೇಕೋ ಬೇಡವೋ? ಇವಳು ಎರಡೂ ಕಡೆ ಕೂತವರಿಗೆ ಕೈ ಮುಗಿಯುತ್ತ, “ಹೋಗಿ ಬರ್ತೀವ್ರಿ, ಎಲ್ಲಾರೂ ಛಲೋತ್ನಂಗ ಮುಟ್ರಿ” ಎಂದು ಹೇಳಿಕೊಂಡೇ ಬಾಗಿಲಿಗೆ ಬಂದಳು. ಒಬ್ಬ ಸೂಟಿನವನು ಎದ್ದು ನಿಂತು ಅವಳಿಗೆ ಕೈ ಮುಗಿದ. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಆದರೆ ನಮ್ಮ ಚೀಲ ವಿಮಾನದ ಹೊಟ್ಟೆಯಲ್ಲೇ ಉಳಿಯಿತು. ನಿನ್ನ ಮದುವೆಯ ಇಲಕಲ್ ಸೀರೆ, ಹಸಿರು ಬಳೆ, ಶೇಂಗಾ ಹೋಳಿಗೆ ಎಲ್ಲ ನಮ್ಮನ್ನು ಬಿಟ್ಟು ಮುಂಬಯಿಗೆ ಹೋದವು. ಶುಕ್ರವಾರ ನೀನು ಅದೇ ಸೀರೆ ಉಟ್ಟು ರಿಜಿಸ್ಟರಿಗೆ ಸಹಿ ಹಾಕಿದ್ದು ಓದಿ ಅವ್ವ ಅತ್ತಳು. ಹೋಳಿಗೆ ಕೆಟ್ಟಿರಲಿಲ್ಲವೇ ಎಂದೂ ಕೇಳಿದಳು.

ಗುರುವಾರದ್ದು ನಿನಗೆ ಗೊತ್ತೇ ಇದೆ. ನಾನೇ ಬರೆದಿದ್ದೆ. ಅದೇ ಕಡೆಯ ವಿಮಾನ, ಸಂಜೆಯದು. ಅದು ತಪ್ಪಿದರೆ ರೈಲು ಹಿಡಿದರೂ ಮರುದಿನ ಹನ್ನೊಂದು ಗಂಟೆಯ ಮದುವೆಗೆ ಮುಟ್ಟುವಂತಿರಲಿಲ್ಲ. ನಾನು ನೀರು ಕುಡಿಯಲು ಎದ್ದುಹೋದಾಗ ಹೆಸರು ಕೂಗಿದರು. ಎರಡು ಕುರ್ಚಿ ಖಾಲಿ ಇದ್ದವು. ಕೌಂಟರಿನ ಹುಡುಗಿ ರಾಯಚೂರಿನ ಕಡೆಯವಳು, “ಹೆಸರು ಹಿಡದು ಕರೀರಿ ಅಮ್ಮಾ, ಬಾಗಲಾ ಹಾಕ್ತಾರ” ಎಂದಳಂತೆ. ಗಂಡನ ಹೆಸರು ಹೇಳಬಾರದೆಂದು ನಿನ್ನ ಅವ್ವ “ಏನ್ರೀ, ಏನ್ರೀ” ಎನ್ನುತ್ತ ಆ ದೊಡ್ಡ ಹಾಲಿನಲ್ಲಿ ಸುತ್ತಿದಳು, ಅಷ್ಟರಲ್ಲಿ ಕುರ್ಚಿ ಬೇರೆಯವರ ಪಾಲಾದವು ಎಂದು ನಾನು ಬರೆದಿದ್ದೆ. ಊರಲ್ಲಿಯೂ ಅದನ್ನೇ ಹೇಳಿದೆ. ಕಟ್ಟೆಯ ಮೇಲೆ ಕೂತವರು ಇನ್ನೂ ಅವಳನ್ನು ಕಂಡರೆ “ಏನ್ರೀ, ಏನ್ರೀ” ಎಂದು ನಗುತ್ತಾರೆ.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬಾರದೆಂದು ಗೊತ್ತಿದ್ದೂ ನೀನು ಅಷ್ಟು ಖಾರವಾಗಿ ಬರೆದಿದ್ದೀ. ‘ಅವ್ವಾ, ಒಂದು ಸಲ ಅಪ್ಪನ ಹೆಸರು ಹೇಳಿದ್ದರೆ ನಿನ್ನ ಬಾಯಿ ಸವೆಯುತ್ತಿತ್ತೇ? ಸಾಕ್ಷಿ ಹಾಕಲು ಅಪ್ಪ ಬರುತ್ತಾನೆಂದು ಕಡೆಯ ಗಳಿಗೆಯವರೆಗೆ ಕಾದೆ. ಕೊನೆಗೆ ಆಫೀಸಿನ ಯಾರೋ ಹಾಕಿದರು. ಇನ್ನು ನಾನು ಬೇವೂರಿಗೆ ಬರುವುದಿಲ್ಲ.’ ಸಜ್ಜೆ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು. ಆಮೇಲೆ, “ತಪ್ಪು ನಂದ ಐತಿ ಅಂತ ಬರೀರಿ. ಸಿಟ್ಟು ಇಳದ ಮ್ಯಾಲ ಬಾ ಅಂತ ಬರೀರಿ” ಎಂದು ಮತ್ತೆ ಕೇರತೊಡಗಿದಳು.

ಅವಳು ಹೇಳಿದ್ದನ್ನು ಬರೆದಿದ್ದೇನೆ. ನೀವಿಬ್ಬರೂ ಹೊಂದಿಕೊಂಡು ನೂರು ಕಾಲ ಬಾಳಿರಿ. ಕಡಲೆ ಹಸನಾದ ಮೇಲೆ ಪುಠಾಣಿ ಮಾಡಿಸಿ ಕಳಿಸುತ್ತೇವೆ, ಈ ಸಲ ಅಂಚೆಯಲ್ಲಿ.

ಇಂತಿ ನಿನ್ನ ಅಪ್ಪ,
ಕುಬೇರಪ್ಪ

ತಾ.ಕ.: ಪತ್ರ ಮಡಿಚಿ ಅಂಟು ಹಚ್ಚಿದ್ದೆ. ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ.

ದುರುಗವ್ವಾ, ಹೆಸರು ಕೂಗಿದ್ದು ನನಗೆ ಕೇಳಿಸಿತ್ತು. ನಾನು ನೀರಿನ ನಳದ ಪಕ್ಕದ ಕಂಬದ ಹಿಂದೆಯೇ ನಿಂತಿದ್ದೆ. ಈ ಮದುವೆಗೆ ಒಪ್ಪಿಗೆ ಎಂದು ನಿನಗೆ ಕಾರ್ಡು ಬರೆದವನು ನಾನೇ. ಅಯ್ಯಪ್ಪ ದೂರದ ಊರಿನವನಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವನ ಊರು ಇಟಗಿ ನಮಗೆ ಎಷ್ಟು ದೂರ? ಅವರಪ್ಪ ಯಾರು, ಅವರ ಮನೆ ಯಾವ ಕೇರಿಯಲ್ಲಿದೆ ಎಂದು ಬೇವೂರಿನವರಿಗೆಲ್ಲ ಗೊತ್ತು. ಸಾಕ್ಷಿಯ ಸಾಲಿನಲ್ಲಿ ನನ್ನ ಹೆಸರು ಬಿದ್ದರೆ ಕಟ್ಟೆಯ ಮೇಲೆ ಹೇಗೆ ಕೂಡಲಿ ಎಂದು ಕಾಲು ಏಳಲಿಲ್ಲ. ಸಾಲಿಯಲ್ಲಿ ಎಲ್ಲ ಕೇರಿಯ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂಡಿಸಿದವನು ನಾನು. ನಿನ್ನ ಅಪ್ಪ ಹೇಡಿ.

ಇನ್ನೊಂದು ಮಾತು. ನಿನ್ನ ಅವ್ವ “ಏನ್ರೀ” ಎನ್ನುತ್ತ ಸುತ್ತಲಿಲ್ಲ. ಆ ಹುಡುಗಿ ಹೇಳಿದ ಕೂಡಲೇ ಹಾಲಿನ ನಡುವೆ ನಿಂತು, ಸೆರಗು ಬಾಯಿಂದ ತೆಗೆದು, “ಕುಬೇರಪ್ಪಾ!” ಎಂದು ಕೂಗಿದಳು. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. “ಕುಬೇರಪ್ಪಾ, ಮಗಳು ಕಾಯಾಕತ್ಯಾಳ, ಬಾ!” ಎಂದು ಇನ್ನೊಮ್ಮೆ. ಅವರು ಬಾಗಿಲು ಹಾಕುವ ತನಕ ನಾನು ಕಂಬ ಬಿಟ್ಟು ಬರಲಿಲ್ಲ. ಬಂದಾಗ ನನ್ನ ಮುಖ ನೋಡಿ, “ನೀರು ಕುಡದ್ರೇನ್ರಿ?” ಎಂದಳು. ಅಷ್ಟೇ. ಅಂದಿನಿಂದ ನನ್ನ ಸುಳ್ಳನ್ನು ಅವಳು ಒಮ್ಮೆಯೂ ತಿದ್ದಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈ. ಆದರೆ ಅವಳಿಗೊಂದು ಪತ್ರ ಬರೆ. ಅವಳು ಕೂಗಿದ್ದು ನಿನಗೆ ಗೊತ್ತಾಗಿದೆ ಎಂದು ಬರೆ, ನನ್ನ ಬಗ್ಗೆ ಅನಿಸಿದ್ದನ್ನೂ ಬರೆ. ಅದನ್ನು ಅವಳಿಗೆ ಓದಿ ಹೇಳಬೇಕಾದವನು ನಾನೇ. ಒಂದಕ್ಷರ ಬಿಡದೆ ಓದುತ್ತೇನೆ.