ಚಪ್ಪಲಿ ಮೆಟ್ಟಿದ ಮೇಲೆ ಹೇಳಿದ ಮಾತು

ಸಮುದಾಯ ಮತ್ತು ವಿದ್ಯಾರ್ಥಿ ಸ್ವಾಸ್ಥ್ಯ ಅಧ್ಯಯನದ ಮುಖ್ಯಸ್ಥರಿಗೆ,
ಬೆಳಗಾವಿ

ಮಾನ್ಯರೇ,

ನಾವೆಲ್ಲ ಸುಖವಾಗಿದ್ದೇವೆ ಎಂದು ನೀವು ಸಮೀಕ್ಷೆಯ ವರದಿಯಲ್ಲಿ ಅಚ್ಚು ಹಾಕಿಸಿದ್ದೀರಿ. ಆ ಸುಖವನ್ನೇ ಆಧಾರ ಮಾಡಿಕೊಂಡು, ಮಹಾಂತೇಶ ನಗರದ ಹೆಣ್ಣುಮಕ್ಕಳ ವಸತಿನಿಲಯಕ್ಕೆ ವಾರಕ್ಕೊಮ್ಮೆ ಬರುತ್ತಿದ್ದ ಆಪ್ತಸಮಾಲೋಚಕಿ ಪ್ರಮಿಳಾ ಅವರನ್ನು 'ಅಗತ್ಯ ಹೆಚ್ಚಿರುವ' ಬೇರೆ ತಾಲೂಕಿಗೆ ಕಳಿಸಿದ್ದೀರಿ. ಅವರು ಹೋದ ಮೇಲೆ ನಮ್ಮೂರಿನ ಒಬ್ಬ ಹುಡುಗಿ ಮಾತು ಬಿಟ್ಟಿದ್ದಾಳೆ. ನನ್ನ ದೂರು ಇಷ್ಟೇ. ಉಳಿದದ್ದು ಕಥೆ, ಬಿಡುವಿದ್ದರೆ ಓದಿ.

ಈ ಕಥೆಯನ್ನು ಮೊದಲು ಹೇಳಿದವಳು ಆ ವಸತಿನಿಲಯದಲ್ಲಿ ಅಡುಗೆ ಮಾಡುವ ನಮ್ಮೂರ ರೇಣವ್ವ. ಹೋದ ನಾಗರಪಂಚಮಿಗೆ ಊರಿಗೆ ಬಂದಾಗ, ಶೇಂಗಾದ ಉಂಡಿ ಕಟ್ಟುತ್ತ ಹೇಳಿದಳು. ನಿಮ್ಮ ಸಮೀಕ್ಷೆಯ ಹುಡುಗಿ ಬಂದಳಂತೆ (ಅವಳ ಹೆಸರು ಬರೆಯುವುದಿಲ್ಲ, ನೀವು ಅವಳನ್ನೇ ಹಿಡಿದುಕೊಳ್ಳುತ್ತೀರಿ). ಊಟದ ಕೋಣೆಯಲ್ಲಿ ಕೂತು, ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಚಿತ್ರಗಳಿದ್ದ ಟ್ಯಾಬ್ ಮುಂದೆ ಹಿಡಿದು, ಇದರಲ್ಲಿ ನೀನು ಯಾವುದು ಎಂದು ಒಬ್ಬೊಬ್ಬಳನ್ನೂ ಕೇಳಿದಳಂತೆ. ಎಲ್ಲರೂ ನಗುವ ಮುಖವನ್ನೇ ಒತ್ತಿದರು. ನಮ್ಮ ಬಾಳಪ್ಪನ ಮಗಳೂ ಒತ್ತಿದಳು. ಅವಳನ್ನು ಸೃಷ್ಟಿ ಎನ್ನೋಣ, ಅಪ್ಪನ ಹೆಸರೂ ನಾನಿಟ್ಟದ್ದೇ. ನಿಜವಾದ ಹೆಸರಿಗೆ ಮುಂದೆ ಮದುವೆ ಮುಂಜಿ ಇದೆಯಲ್ಲ. ಟ್ಯಾಬ್ ಮುಚ್ಚಿತು, ಚಹಾ ಆಯಿತು, ಬಂದವಳು ಚಪ್ಪಲಿ ಮೆಟ್ಟಿದಳು. ಆಗ ಸೃಷ್ಟಿ ಅವಳ ಬ್ಯಾಗು ಇಸಿದುಕೊಂಡು ಗೇಟಿನವರೆಗೆ ಜೊತೆಗೆ ನಡೆದಳು.

"ಅಕ್ಕಾರ, ನನಗ ರಾತ್ರಿ ನಿದ್ದಿನ ಬರವಲ್ದರಿ. ಕ್ಲಾಸಿನ್ಯಾಗ ಸರ್ ಇಂಗ್ಲಿಷಿನ್ಯಾಗ ಹೇಳೂದು ಒಂದೂ ತಿಳಿಯಂಗಿಲ್ಲ. ಒಂದ ರೊಟ್ಟಿ ಮ್ಯಾಲ ಊಟ ಸೇರಂಗಿಲ್ಲ."

"ಅಯ್ಯ, ಒಳಗ ಕೇಳಿದಾಗ ಯಾಕ ಹೇಳಲಿಲ್ಲ ನೀ? ಈಗ ಸಬ್ಮಿಟ್ ಮಾಡಿಬಿಟ್ಟೀನಲ್ಲ!"

"ಒಳಗ ಹೆಂಗ ಹೇಳೂದ್ರಿ? ನೀವು ಇನ್ನೂ ಚಾ ಕುಡದಿದ್ದಿಲ್ಲ."

ಸಮೀಕ್ಷೆಯ ಹುಡುಗಿ ಒಳ್ಳೆಯವಳು. ಗೇಟಿನಿಂದಲೇ ನಿಮ್ಮ ಕಚೇರಿಗೆ ಫೋನು ಮಾಡಿದಳು. ಕಳಿಸಿದ ಉತ್ತರ ತಿದ್ದಲು ಬರುವುದಿಲ್ಲ, ಅದೂ ಅಲ್ಲದೆ ಹೆಸರಿಲ್ಲದ ಉತ್ತರಗಳಲ್ಲಿ ಅವಳದು ಯಾವುದೆಂದು ಹುಡುಕುವುದು ನಿಯಮಬಾಹಿರ ಎಂದು ಹೇಳಿದರಂತೆ. ಎಂಥ ನಿಷ್ಠೆ! ಹುಡುಗಿ ಹಾಳಾದರೂ ಚಿಂತೆಯಿಲ್ಲ, ಅವಳ ಗುಟ್ಟು ಮಾತ್ರ ಭದ್ರ.

ಇದು ಸೃಷ್ಟಿಯ ದಡ್ಡತನವಲ್ಲ, ಮಾನ್ಯರೇ. ನಮ್ಮ ಕಡೆಯ ರೀತಿ. ಬಂದವರು 'ಆರಾಮ?' ಎಂದರೆ 'ಆರಾಮ ರೀ' ಎನ್ನಬೇಕು. ಬಿಸಿಲಲ್ಲಿ ಬಂದವರ ತಲೆಯ ಮೇಲೆ ನಮ್ಮ ಮೂಟೆ ಇಳಿಸಬಾರದು. ಅವರು 'ಬರ್ತೀವ್ರಿ' ಎಂದು ಎದ್ದು ಅಂಗಳ ದಾಟಿದ ಮೇಲೆ, ಕಳಿಸಲು ಹೋದವರು ಬಾಯಿ ಬಿಡುತ್ತಾರೆ. ಹೊರಟು ನಿಂತವರ ರೀತಿಯೂ ಇದೇ. ನನ್ನ ತಂಗಿಯ ಗಂಡ ಒಮ್ಮೆ ನಮ್ಮ ಮನೆಗೆ ಬಂದು ಎರಡು ಹೊತ್ತು ಉಂಡ, ಎಲೆ ಅಡಿಕೆ ಹಾಕಿಕೊಂಡ, ಲೋಕದ ಸುದ್ದಿಯೆಲ್ಲ ಮಾತಾಡಿದ. ಖಾನಾಪುರದ ನಿಲ್ದಾಣದಲ್ಲಿ ಕಂಡಕ್ಟರ್ ಸೀಟಿ ಹೊಡೆದ ಮೇಲೆ ಕಿಟಕಿಯಿಂದ ಮುಖ ಹೊರಗೆ ಹಾಕಿ, "ಅಂದ್ಹಂಗ ಮಾರ್ತಾಂಡಪ್ಪ, ಡಾಕ್ಟರು ಹೊಟ್ಟ್ಯಾಗ ಗಡ್ಡಿ ಐತಿ ಅಂದಾರ, ನಿಮ್ಮ ತಂಗಿಗಿ ಹೇಳಬ್ಯಾಡ್ರಿ" ಎಂದ. ಬಸ್ಸು ಹೊರಟೇಬಿಟ್ಟಿತು. ಮರುದಿನ ನಾನು ಎದ್ದೆನೋ ಬಿದ್ದೆನೋ ಎಂದು ಅವನ ಊರಿಗೆ ಹೋದರೂ, ಗಡ್ಡೆಯ ಮಾತು ತೆಗೆಯಲು ಸಂಜೆ ಹೊರಡುವ ಹೊತ್ತಿಗಾಗಿ ಕಾದೆ. ಊಟದ ಹೊತ್ತಿನಲ್ಲಿ ನಿಮ್ಮವರು ಅವನನ್ನು ಕೇಳಿದ್ದರೆ ಏನು ಬರೆದುಕೊಳ್ಳುತ್ತಿದ್ದರು? ಆರೋಗ್ಯ: ಉತ್ತಮ.

ನಿಮ್ಮ ಪ್ರಶ್ನಾವಳಿಯನ್ನು ಹೊರದೇಶದ ವಿದ್ವಾಂಸರು ಪರೀಕ್ಷಿಸಿ ಒಪ್ಪಿದ್ದಾರೆ ಎಂದು ವರದಿಯ ಮೊದಲ ಪುಟದಲ್ಲೇ ಇದೆ. ಒಪ್ಪಿದವರು ಎಂದಾದರೂ ಯಾರನ್ನಾದರೂ ಬಸ್ಸಿನವರೆಗೆ ಕಳಿಸಲು ಹೋಗಿದ್ದರೇ? ನಮ್ಮೂರಿಗೆ ಬಂದಾಗಲೂ ನಿಮ್ಮ ಜೀಪು ಬಾಗಿಲಿಗೇ ಬಂತು, ಬಾಗಿಲಿನಿಂದಲೇ ಹೋಯಿತು. ಜೊತೆಗೆ ನಡೆದು ಒಂದು ಮಾತು ಹೇಳುವಷ್ಟು ದಾರಿಯನ್ನೂ ನೀವು ನಮಗೆ ಬಿಡಲಿಲ್ಲ. ಆಮೇಲೆ ಖಾನಾಪುರ ತಾಲೂಕಿನವರು 'ಅತ್ಯಂತ ಸಂತೃಪ್ತರು' ಎಂದು ಬರೆದಿರಿ. ಹೌದು ಸ್ವಾಮಿ, ಅತಿಥಿಯ ಎದುರು ನಾವು ಅತ್ಯಂತ ಸಂತೃಪ್ತರು.

ಅವತ್ತು ಗೇಟಿನಲ್ಲಿ ಸಮೀಕ್ಷೆಯ ಹುಡುಗಿ ಸೃಷ್ಟಿಗೆ ಕೊನೆಗೆ ಹೇಳಿದ್ದು, "ನಿಮ್ಮ ಪ್ರಮಿಳಾ ಮೇಡಮ್ಮಾರಿಗಿ ಹೇಳವಾ" ಎಂದು. ಪ್ರಮಿಳಾ ನಮ್ಮ ಕಡೆಯ ಮನೆಯಲ್ಲೇ ಬೆಳೆದವರು. ಕೊಟ್ಟ ಕೋಣೆಯಲ್ಲಿ ಸುಮ್ಮನೆ ಕೂತು, ಹೊತ್ತು ಮುಗಿದ ಮೇಲೆ ಚಪ್ಪಲಿ ಮೆಟ್ಟಿ, 'ಬರ್ತೀನವಾ' ಎಂದು ಹೇಳಿ, ಹೊರಗಿನ ಮೆಟ್ಟಿಲ ಮೇಲೆ ಮತ್ತೆ ಕೂತುಬಿಡುತ್ತಿದ್ದರು. ಆಗ ಹುಡುಗಿಯರು ಒಬ್ಬೊಬ್ಬರಾಗಿ ಬರುತ್ತಿದ್ದರು. ಸೃಷ್ಟಿಯೂ ಹೋಗಿ ಕೂತಳು. ಕೆಲವು ವಾರಗಳಲ್ಲಿ ಎರಡನೆಯ ರೊಟ್ಟಿ ಕೇಳತೊಡಗಿದಳು ಎಂದು ರೇಣವ್ವ ಹೇಳಿದಳು. ಅಷ್ಟರಲ್ಲಿ ನಿಮ್ಮ ವರದಿ ಬಂತು. ಪ್ರಮಿಳಾ ಹೋದರು. ರೊಟ್ಟಿ ಮತ್ತೆ ತಾಟಿನಲ್ಲೇ ಉಳಿಯತೊಡಗಿತು.

ದಸರೆಯ ರಜೆಗೆ ಬಂದ ಸೃಷ್ಟಿ ತಿರುಗಿ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ. ಬೆಳಗಾವಿಯ ಡಾಕ್ಟರು ಟಾನಿಕ್ ಕೊಟ್ಟರು, ಅವಳ ಅಜ್ಜಿ ದೃಷ್ಟಿ ತೆಗೆದಳು. ಬಾಳಪ್ಪ ಮೊನ್ನೆ ನನಗೆ ಹೇಳಿದ: "ಮೊದಲ ಸಿಟ್ಟರ ಮಾಡತಿದ್ಲು, ಮಾರ್ತಾಂಡಣ್ಣ. ಈಗ ಬೈದ್ರೂ ಹೂಂ ಅಂತಾಳ, ಮುದ್ದು ಮಾಡಿದ್ರೂ ಹೂಂ ಅಂತಾಳ. ಆ ಹೂಂ ಕೇಳಿದ್ರ ನನಗ ಅಂಜಿಕಿ ಬರ್ತೈತಿ." ಇದನ್ನೂ ಅವನು ನನ್ನ ಮನೆಯಲ್ಲಿ ಹೇಳಲಿಲ್ಲ. ನಾನು ಅವನನ್ನು ಹೊಲದ ತಿರುವಿನವರೆಗೆ ಕಳಿಸಲು ಹೋದಾಗ ಹೇಳಿದ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತವರಿಗೆ ಓದಿ ಹೇಳಿದೆ. ಮಾಯಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೀರೇಶ, "ಭಾಳ ಸಪ್ಪಗ ಬರದೀರಿ, ಕಾಕಾ. ಸಾಹೇಬ್ರ ನಾಲಿಗಿ ಸುಡಬೇಕು, ಇನ್ನೀಟು ಖಾರ ಹಾಕ್ರಿ" ಎಂದ. ಎಲ್ಲರೂ ಸಹಿ ಮಾಡುತ್ತೇವೆ ಎಂದರು.

ಇವತ್ತು ಬೆಳಿಗ್ಗೆ ಸಹಿ ಹಾಕಿಸಲು ನಾನು ಹೋದಾಗ ಮಾಯಕ್ಕನೂ ಬೀರೇಶನೂ ಬಾಳಪ್ಪನ ಬಾಗಿಲಲ್ಲಿ ನಿಂತಿದ್ದರು, ಸಹಿಗಲ್ಲ. ಮಾಯಕ್ಕನ ಮಗಳು, ಬೀರೇಶನ ತಂಗಿ ಇಬ್ಬರೂ ದಿನಾ ಕತ್ತಲಿರುವಾಗಲೇ ಎದ್ದು ಬಸ್ಸಿಗೆ ಜೋತುಬಿದ್ದು ಬೆಳಗಾವಿಯ ಕಾಲೇಜಿಗೆ ಹೋಗಿಬರುವವರು.

"ಬಾಳಣ್ಣ, ನಿನ್ನ ಮಗಳು ಇನ್ನ ಹೋಗೂದಿಲ್ಲಂದ್ರ," ಎಂದಳು ಮಾಯಕ್ಕ, ನೆಲ ನೋಡುತ್ತ, "ಆ ಹಾಸ್ಟೆಲ್ ಸೀಟು ನಮ್ಮ ಹುಡಿಗಿಗಿ ಕೇಳ್ಲೇನೋ?"

ತಂಗಿಗಾಗಿ ಅದನ್ನೇ ಕೇಳಲು ಬಂದಿದ್ದ ಬೀರೇಶ, ಅವಳು ಮೊದಲು ಕೇಳಿದಳೆಂದು ಹಿಂದೆ ಸರಿದ. ನಾನು ಯಾವ ಬಾಯಿಂದ ಬೈಯಲಿ? ಬೇರೆ ಸೀಟು ಎಲ್ಲಿದೆ? ಬಾಳಪ್ಪ ಒಳಗೆ ಗೋಡೆಯ ಕಡೆ ಕೂತ ಮಗಳನ್ನು ತಿರುಗಿ ನೋಡಿದ. ಆಮೇಲೆ, "ಹಾಸಗಿ ಅಲ್ಲೇ ಬಿಟ್ಟ ಬಂದೀವಿ. ಹೊಸಾದು ತಗೋಬ್ಯಾಡ್ರಿ" ಎಂದ.

ವಸತಿನಿಲಯದವರು ಫೋನಿನಲ್ಲೇ ಒಪ್ಪಿದರು, ಮಾಯಕ್ಕನ ಮಗಳು ಸೋಮವಾರ ಹೊರಡುತ್ತಾಳೆ. ಹೊಸ ಸಮೀಕ್ಷೆ ಬೇಡ, ವಿಚಾರಣೆ ಬೇಡ, ಪತ್ರಿಕೆಯಲ್ಲಿ ಸ್ಪಷ್ಟನೆಯೂ ಬೇಡ. ಆ ಹಾಸಿಗೆಯ ಮೇಲೆ ಅವಳು ಮಲಗುವ ಮೊದಲು ಪ್ರಮಿಳಾ ಅವರನ್ನು ತಿರುಗಿ ಕಳಿಸಿ.

ಇಂತಿ,
ಮಾರ್ತಾಂಡ
ಖಾನಾಪುರ ತಾಲೂಕು
(ಉತ್ತರ ಬರುವ ನಂಬಿಕೆ ಇಲ್ಲದ್ದರಿಂದ ವಿಳಾಸ ಬರೆದಿಲ್ಲ)